ಕಲ್ಲು ಕುಡಿದ ಕಲೆಗೆ ಮಣ್ಣಿನ ಪಟ್ಟು: ಬಾಗಲಕೋಟೆಯ ಹಳೇ ಮನೆಯೊಂದರಲ್ಲಿ ಮಾಡಿದ ಕೆಲಸ

ಹಳೇ ಬಾಗಲಕೋಟೆಯ ಆ ಮನೆಯಲ್ಲಿ ಮೂರು ಜಾತಿಯ ಕಲ್ಲಿತ್ತು, ಒಂದೊಂದಕ್ಕೂ ಬೇರೆ ಬೇರೆ ಕಲೆ. ದೇವರ ಜಗುಲಿ ಗುಳೇದಗುಡ್ಡದ ಕಡೆಯ ಕೆಂಪು ಮರಳುಗಲ್ಲಿನದು. ವರ್ಷಗಟ್ಟಲೆ ದೀಪದ ಎಣ್ಣೆ ಕುಡಿದು ಮುಂಭಾಗ ಕಪ್ಪಾಗಿತ್ತು. ಪಡಸಾಲೆಯ ನೆಲಕ್ಕೆ ಶಹಾಬಾದಿ ಫರಸಿ, ಅದರ ಮೇಲೆ ಕಬ್ಬಿಣದ ಟ್ರಂಕಿನ ನಾಲ್ಕು ಕಾಲಿನ ತುಕ್ಕು. ಅಡುಗೆಮನೆಯ ಕಟ್ಟೆಗೆ ಈಚೆಗೆ ಹಾಕಿಸಿದ ಇಳಕಲ್ಲಿನ ಕೆಂಪು ಗ್ರಾನೈಟು, ಮಿಕ್ಸರಿನ ಪಕ್ಕದಲ್ಲಿ ಅಂಗೈಯಗಲ ಅರಿಶಿಣ. ಹಿತ್ತಲ ಗೋಡೆಯ ಬುಡಕ್ಕೆ ಹಿಟ್ಟು ಚೆಲ್ಲಿದ ಹಾಗೆ ಸವಳು, ಅಂದರೆ ತೇವದ ಜೊತೆ ಹೊರಬಂದ ಉಪ್ಪು.

“ತಿಕ್ಕಿ ತಿಕ್ಕಿ ಕೈ ಸೋತಾವ್ರೀ, ಕಲಿ ಹೋಗವಲ್ದು” ಅಂದರು ಮನೆಯ ಹಿರಿಯ ಹೆಣ್ಣುಮಗಳು. ತಿಕ್ಕಿದರೆ ಹೋಗುವುದು ಕಲ್ಲಿನ ಮೇಲೆ ಕೂತ ಕೊಳೆ ಮಾತ್ರ. ಈ ಕಲೆಗಳು ಕಲ್ಲಿನ ಸೂಕ್ಷ್ಮ ರಂಧ್ರಗಳೊಳಗೆ ಇಳಿದಿದ್ದವು. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದಲ್ಲ, ಅದೇ ಎಳೆತ ಎಣ್ಣೆಯನ್ನು ಕಲ್ಲಿನ ಒಳಕ್ಕೂ ಎಳೆದಿರುತ್ತದೆ. ಹಾಗೆ ಒಳಗೆ ಹೋದದ್ದನ್ನು ಹೊರಗೆ ತರಬೇಕಾದರೆ ಕಲ್ಲಿಗಿಂತ ಜೋರಾಗಿ ಎಳೆಯುವ ಇನ್ನೊಂದು ಬತ್ತಿಯನ್ನು ಕಲೆಯ ಮೇಲೆ ಕೂಡಿಸಬೇಕು. ಕುರುವಿಗೆ ಪಟ್ಟು ಹಾಕಿ ಕೀವು ಎಳೆಸಿದ ಹಾಗೆ. ಇಂಗ್ಲಿಷಿನಲ್ಲಿ ಇದಕ್ಕೆ ಪೌಲ್ಟೀಸ್ ಅನ್ನುತ್ತಾರೆ, ಇಲ್ಲಿ ಪಟ್ಟು ಅಂತಲೇ ಕರೆಯೋಣ.

ಪಟ್ಟಿನಲ್ಲಿ ಇರುವುದು ಎರಡೇ: ಕಲೆಯನ್ನು ಕರಗಿಸುವ ದ್ರವ, ಆ ದ್ರವವನ್ನು ಹಿಡಿದಿಡುವ ನುಣುಪು ಪುಡಿ. ದ್ರವ ಮೊದಲು ಕಲ್ಲಿನೊಳಗೆ ಇಳಿದು ಕಲೆಯನ್ನು ಕರಗಿಸುತ್ತದೆ. ಆಮೇಲೆ ಪಟ್ಟಿನ ಮೇಲ್ಮೈ ಆರತೊಡಗಿದಂತೆ ಒಳಗಿನ ದ್ರವ ಆ ಕಡೆಗೆ ಹೊರಡುತ್ತದೆ, ಕರಗಿದ ಕಲೆಯೂ ಅದರ ಜೊತೆ ಬಂದು ಪುಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಇದು ನಡೆಯಬೇಕಾದರೆ ಪುಡಿಯ ಕಣಗಳ ನಡುವಿನ ಸಂದು ಕಲ್ಲಿನ ರಂಧ್ರಕ್ಕಿಂತ ಸಣ್ಣದಿರಬೇಕು. ಸಣ್ಣ ಸಂದಿನ ಎಳೆತವೇ ಹೆಚ್ಚು. ರಂಗೋಲಿ ಪುಡಿ ಹಚ್ಚಿ ಏನೂ ಆಗಲಿಲ್ಲ ಅನ್ನುವವರು ಬಹಳ ಜನ ಸಿಗುತ್ತಾರೆ. ರಂಗೋಲಿ ಪುಡಿ ದಪ್ಪ ಕಣದ್ದು, ಅದಕ್ಕಿಂತ ಕಲ್ಲೇ ಜೋರಾಗಿ ಹೀರುತ್ತದೆ.

ನಾವು ತಂದಿಟ್ಟುಕೊಂಡ ಪುಡಿಗಳು ಮೂರು. ಚೀನಿ ಮಣ್ಣು, ಅಂದರೆ ಕೆಯೊಲಿನ್. ಬೆಳ್ಳಗಿರುತ್ತದೆ, ಕಬ್ಬಿಣದ ಅಂಶ ತೀರ ಕಡಿಮೆ. ಮುಲ್ತಾನಿ ಮಿಟ್ಟಿ: ಎಣ್ಣೆ ಹೀರುವುದರಲ್ಲಿ ಒಳ್ಳೇದು, ಆದರೆ ಅದರಲ್ಲೇ ಕಬ್ಬಿಣವಿದೆ, ಹಾಗಾಗಿ ತುಕ್ಕಿನ ಕೆಲಸಕ್ಕೆ ಸಲ್ಲ. ತಿಳಿ ಬಣ್ಣದ ಕಲ್ಲಿನ ಮೇಲೆ ತಾನೇ ಹಳದಿ ಛಾಯೆ ಬಿಡಲೂಬಹುದು. ಮೂರನೆಯದು ಬಿಳಿ ಟಿಶ್ಯೂ ಕಾಗದವನ್ನು ನೀರಲ್ಲಿ ನೆನೆಸಿ ಕಲಸಿದ ರೊಜ್ಜು, ಸವಳಿನ ಗೋಡೆಗೆ. ಹಳೇ ಪೇಪರು ಬೇಡ, ಶಾಯಿ ಬಿಡುತ್ತದೆ. ಖಡು, ಅಂದರೆ ಸೀಮೆಸುಣ್ಣದ ಪುಡಿಯೂ ನಡೆಯುತ್ತದೆ, ಆದರೆ ಅದರಲ್ಲಿ ಯಾವ ಹುಳಿಯನ್ನೂ ಕಲಸುವಂತಿಲ್ಲ. ನೊರೆ ಎದ್ದು ಹುಳಿಯ ಶಕ್ತಿಯೆಲ್ಲ ಅಲ್ಲೇ ಮುಗಿದುಹೋಗುತ್ತದೆ.

ನೀರಿನ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಕಡೆಯ ಬೋರಿನ ನೀರು ಗಡಸು. ಕಾಯಿಸಿದ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ. ಆ ನೀರಲ್ಲಿ ಪಟ್ಟು ಕಲಸಿದರೆ ಒಂದು ಕಲೆ ತೆಗೆಯಲು ಹೋಗಿ ಬಿಳಿ ಉಪ್ಪಿನ ಇನ್ನೊಂದು ಕಲೆ ಮಾಡಿದಂತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಐದು ಲೀಟರಿನ ಕ್ಯಾನು ತನ್ನಿ. ಅಂಗಡಿಯಲ್ಲಿ ಬ್ಯಾಟರಿ ಆಸಿಡ್ಡೂ ಪಕ್ಕದಲ್ಲೇ ಇರುತ್ತದೆ, ಚೀಟಿ ಓದಿ ತನ್ನಿ.

ಕೆಲಸಕ್ಕೆ ಕೈ ಹಚ್ಚುವ ಮೊದಲು ಕಲ್ಲು ಯಾವುದೆಂದು ಖಾತ್ರಿ ಮಾಡಿಕೊಂಡೆವು. ಟ್ರಂಕಿನಡಿ ಮೂಲೆಯ ಫರಸಿಯನ್ನು ಮೊಳೆಯಿಂದ ಸ್ವಲ್ಪ ಗೀರಿ, ಉದುರಿದ ಪುಡಿಯ ಮೇಲೆ ಒಂದು ಹನಿ ಲಿಂಬೆರಸ ಬಿಟ್ಟಾಗ ಸಣ್ಣಗೆ ಗುಳ್ಳೆ ಎದ್ದಿತು. ಸುಣ್ಣಗಲ್ಲು. ಶಹಾಬಾದಿ ಕಲ್ಲು ಅದೇ. ಗ್ರಾನೈಟಿನ ಮೇಲೆ ಏನೂ ಆಗುವುದಿಲ್ಲ, ನಮ್ಮ ಮರಳುಗಲ್ಲೂ ಸುಮ್ಮನಿತ್ತು. ಎರಡನೇ ಪರೀಕ್ಷೆ ನೀರಿನ ಹನಿಯದು. ಮರಳುಗಲ್ಲಿನ ಮೇಲೆ ಹನಿ ಇಟ್ಟು ತಲೆ ಎತ್ತುವಷ್ಟರಲ್ಲಿ ಒಳಗೆ ಹೋಗಿತ್ತು. ಫರಸಿಯ ಮೇಲೆ ನಿಮಿಷಗಳು ಹಿಡಿದವು. ಪಾಲಿಶ್ ಗ್ರಾನೈಟಿನ ಮೇಲೆ ಹನಿ ಬಹಳ ಹೊತ್ತು ಮುತ್ತಿನಂತೆ ಕೂತಿತ್ತು. ಹನಿ ಬೇಗ ಹೋದ ಕಲ್ಲಿನಲ್ಲಿ ಕಲೆ ಆಳ, ಆದರೆ ಪಟ್ಟಿಗೂ ದಾರಿ ಸಲೀಸು. ಮೇಣದ ಪಾಲಿಶ್ ಅಥವಾ ರಂಧ್ರ ಮುಚ್ಚುವ ಸೀಲರ್ ಹಚ್ಚಿದ ಕಲ್ಲಾದರೆ ಮೊದಲು ಅದನ್ನು ತೆಗೆಯಬೇಕು. ಮುಚ್ಚಿದ ಬಾಗಿಲಿಗೆ ಪಟ್ಟು ಹಾಕಿ ಉಪಯೋಗವಿಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸಿಕೊಳ್ಳಬೇಕು. ಫರಸಿಯ ಮೇಲೆ ಲಿಂಬೆಹಣ್ಣಿನ ರಸ, ಹುಣಸೆ ನೀರು ಚೆಲ್ಲಿ ಬಿಳಿಚಿದ ಗುರುತಾಗಿದ್ದರೆ ಅದು ಕಲೆಯಲ್ಲ. ಹುಳಿ ಕಲ್ಲಿನ ಮೈಯನ್ನೇ ತಿಂದಿರುತ್ತದೆ. ಎಷ್ಟು ಪಟ್ಟು ಹಾಕಿದರೂ ಅದು ಹೋಗುವುದಿಲ್ಲ, ಮತ್ತೆ ಪಾಲಿಶ್ ಹೊಡೆಸಬೇಕು.

ಮೊದಲು ಕೈಗೆತ್ತಿಕೊಂಡದ್ದು ಜಗುಲಿ. ಕಲೆಯ ಉದ್ದ ಸುಮಾರು ಒಂದೂವರೆ ಅಡಿ, ಅಗಲ ಒಂದು ಅಡಿ. ಯಾವ ಎಣ್ಣೆ ಅಂತ ಕೇಳಿದೆವು. ಮೊದಲು ಕುಸುಬಿ, ಈಚೆಗೆ ಶೇಂಗಾ ಅಂದರು. ಈ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಕುಸುಬಿ ಎಣ್ಣೆ ಗಾಳಿಗೆ ಗಟ್ಟಿಯಾಗುವ ಜಾತಿಯದು, ವರ್ಷಗಳು ಕಳೆದಂತೆ ವಾರ್ನಿಶ್ ಆಗಿಬಿಡುತ್ತದೆ. ಶೇಂಗಾ ಎಣ್ಣೆ ಅಷ್ಟು ಬೇಗ ಗಟ್ಟಿಯಾಗುವುದಿಲ್ಲ, ಜಿಗುಟಾಗಿ ಉಳಿಯುತ್ತದೆ. ಜಿಗುಟಾದದ್ದು ಕರಗಿ ಬರುತ್ತದೆ. ವಾರ್ನಿಶ್ ಆದದ್ದು ಪೂರ್ತಿ ಬರುವ ಭರವಸೆ ಕೊಡಲಾಗದು, ಅದನ್ನು ಮೊದಲೇ ಮನೆಯವರಿಗೆ ಹೇಳಿದೆವು.

ಮೇಲೆ ಹೆಪ್ಪುಗಟ್ಟಿದ ಜಿಡ್ಡು-ಮಸಿಯನ್ನು ಬಿದಿರಿನ ಚಕ್ಕೆಯಿಂದ ಕೆರೆದೆವು. ಚಾಕು, ತಂತಿ ಬ್ರಷ್ಷು ಮರಳುಗಲ್ಲಿನ ಕಣವನ್ನೇ ಕೀಳುತ್ತವೆ, ತಂತಿಯ ಚೂರು ಉಳಿದರೆ ಮುಂದೆ ತುಕ್ಕು. ಆಮೇಲೆ ಬೆಚ್ಚಗಿನ ಡಿಸ್ಟಿಲ್ಡ್ ನೀರಿಗೆ ಪಾತ್ರೆ ತೊಳೆಯುವ ದ್ರವ ಸೋಪನ್ನು ನಾಲ್ಕು ಹನಿ ಹಾಕಿ, ನೈಲಾನ್ ಬ್ರಷ್ಷಿನಿಂದ ಮೆಲ್ಲಗೆ ಒರೆಸಿ, ಎರಡು ಸಲ ಬರೀ ನೀರಿನಿಂದ ತೆಗೆದು, ಎರಡು ದಿನ ಆರಲು ಬಿಟ್ಟೆವು. ಎಣ್ಣೆಯ ಪಟ್ಟಿಗೆ ಕಲ್ಲು ಒಣಗಿರಬೇಕು. ಒದ್ದೆ ಕಲ್ಲಿಗೆ ಎಣ್ಣೆ ಕರಗಿಸುವ ಟರ್ಪೆಂಟೈನ್ ಇಳಿಯುವುದಿಲ್ಲ.

ದ್ರವ ಯಾವುದು? ಅಸಿಟೋನ್ ಚೆನ್ನಾಗಿ ಕರಗಿಸುತ್ತದೆ, ಆದರೆ ನಮ್ಮ ಬಿಸಿಲಿಗೆ ಕಲಸುತ್ತಿರುವಾಗಲೇ ಹಾರಿಹೋಗುತ್ತದೆ. ಮಿನರಲ್ ಟರ್ಪೆಂಟೈನ್ ನಿಧಾನಕ್ಕೆ ಆರುತ್ತದೆ, ಒಳಗಿಳಿಯಲು ಸಮಯ ಸಿಗುತ್ತದೆ. ಸೀಮೆಎಣ್ಣೆ ಬೇಡವೇ ಬೇಡ, ಅದು ತನ್ನದೇ ಜಿಡ್ಡು ಬಿಡುತ್ತದೆ. ಬಣ್ಣದಂಗಡಿಯ ಯಾವ ಡಬ್ಬಿ ತಂದರೂ ಮೊದಲು ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಪೂರ್ತಿ ಆರಿದ ಮೇಲೆ ಬೆಳಕಿಗೆ ಹಿಡಿದು ನೋಡಿ. ಉಂಗುರ ಉಳಿದರೆ ಆ ಡಬ್ಬಿ ಕಲ್ಲಿಗೆ ಬೇಡ. ನಾವು ತಂದ ಎರಡು ಡಬ್ಬಿಗಳಲ್ಲಿ ಒಂದು ಹೀಗೇ ತಿರಸ್ಕಾರವಾಯಿತು.

ಒಂದು ಚದರ ಅಡಿಗೆ ಆರು ಮಿಲಿಮೀಟರ್ ದಪ್ಪ ಹಚ್ಚಲು ಸುಮಾರು 600 ಗ್ರಾಂ ಪುಡಿ ಬೇಕು. ಕಲೆಯ ಅಂಚಿನಿಂದ ಎರಡು-ಮೂರು ಸೆಂಟಿಮೀಟರ್ ಆಚೆಗೂ ಹಚ್ಚಬೇಕಾದ್ದರಿಂದ ಇಲ್ಲಿ ಒಂದು ಕಿಲೋಗೆ ಸ್ವಲ್ಪ ಮೇಲೆಯೇ ಹಿಡಿಯಿತು. ಪ್ಲಾಸ್ಟಿಕ್ ಬೋಗುಣಿಯಲ್ಲಿ ಮುಲ್ತಾನಿ ಮಿಟ್ಟಿ ಹಾಕಿ, ಟರ್ಪೆಂಟೈನನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಮರದ ಕಡ್ಡಿಯಿಂದ ಕಲಸಿದೆವು. ಹದ ಶ್ರೀಖಂಡದ್ದು. ಕರಣಿಯ ಮೇಲೆ ತೆಗೆದುಕೊಂಡು ಬೋರಲು ಹಿಡಿದರೆ ಬೀಳಬಾರದು, ಅಂಚಿನಿಂದ ದ್ರವ ಜಿನುಗಲೂಬಾರದು. ತೆಳ್ಳಗಾದರೆ ಹೆಚ್ಚಿನ ದ್ರವ ಕಲ್ಲಿಗೆ ಹರಿದು ಕಲೆಯನ್ನು ಸುತ್ತಲೂ ತಳ್ಳುತ್ತದೆ. ಆಮೇಲೆ ಮೊದಲಿಗಿಂತ ಅಗಲವಾದ ಉಂಗುರ ಕಾಣುತ್ತದೆ. ಈ ಕೆಲಸದಲ್ಲಿ ಅತಿ ಹೆಚ್ಚು ನಡೆಯುವ ತಪ್ಪು ಇದೇ.

ದೇವರ ಮನೆಯಲ್ಲಿ ಟರ್ಪೆಂಟೈನ್ ಅಂದ ಮೇಲೆ ದೀಪ, ಊದಿನಕಡ್ಡಿ ಎಲ್ಲ ಬಂದ್. ದೇವರನ್ನು ಮೂರು ದಿನ ಮೊದಲೇ ಬೇರೆ ಕೋಣೆಗೆ ಕೂಡಿಸಿದ್ದರು. ಪಕ್ಕದ ಅಡುಗೆಮನೆಯ ಗ್ಯಾಸನ್ನೂ ಸಿಲಿಂಡರಿನ ಬುಡದಲ್ಲೇ ಬಂದ್ ಮಾಡಿಸಿ, ಕಿಟಕಿ ತೆರೆದು, ನೈಟ್ರೈಲ್ ಕೈಗವಸು ಹಾಕಿಕೊಂಡೆವು.

ಮರಳುಗಲ್ಲು ತರಿತರಿ ಇರುವುದರಿಂದ ಮಣ್ಣು ಅದರ ಕುಳಿಗಳಲ್ಲಿ ಕಚ್ಚಿಕೊಳ್ಳುತ್ತದೆ. ಅದಕ್ಕೆ ಮೊದಲು ತೆಳ್ಳನೆಯ ಬಿಳಿ ಟಿಶ್ಯೂವನ್ನು ಅದೇ ದ್ರವದಲ್ಲಿ ಒದ್ದೆ ಮಾಡಿ ಕಲ್ಲಿಗೆ ಅಂಟಿಸಿ, ಗಾಳಿಗುಳ್ಳೆ ಇರದಂತೆ ಬೆರಳಿನಿಂದ ಒತ್ತಿದೆವು. ಅದರ ಮೇಲೆ ಪಟ್ಟು. ಪುಟ್ಟಿ ಹಚ್ಚುವ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಹೊರಗೆ ಎಳೆಯಬೇಡಿ, ಹೊರಗಿನಿಂದ ನಡುವಿಗೆ ಬನ್ನಿ. ಮೇಲೆ ಪಾಲಿಥಿನ್ ಹಾಳೆ, ಅಂಚಿಗೆ ಮಾಸ್ಕಿಂಗ್ ಟೇಪು. 24 ಗಂಟೆ ಮುಚ್ಚಿ ಇಟ್ಟೆವು. ಇದು ದ್ರವ ಒಳಗಿಳಿಯುವ ಸಮಯ. ಆಮೇಲೆ ಹಾಳೆ ತೆಗೆದು, ತಾನಾಗಿ ಆರಲು ಬಿಟ್ಟೆವು. ಇದು ಹೊರಗೆ ಬರುವ ಸಮಯ. ಅವಸರಕ್ಕೆ ಫ್ಯಾನು ಹಚ್ಚಿದರೆ ಮೇಲ್ಪದರ ಮಾತ್ರ ಗಟ್ಟಿಯಾಗಿ ಪಟ್ಟು ಕಲ್ಲನ್ನು ಬಿಟ್ಟು ಮೇಲೇಳುತ್ತದೆ. ಪಟ್ಟು ಎಲ್ಲಿ ಕಲ್ಲನ್ನು ಬಿಟ್ಟಿತೋ ಅಲ್ಲಿ ಎಳೆತ ನಿಂತಿತು.

ಎರಡೂವರೆ ದಿನಕ್ಕೆ ಪೂರ್ತಿ ಒಣಗಿತು. ಟಿಶ್ಯೂವಿನ ತುದಿ ಹಿಡಿದು ಎತ್ತಿದಾಗ ಪಟ್ಟಿನ ಅಡಿಭಾಗ ನೋಡುವಂತಿತ್ತು. ಕಲೆಯ ಆಕಾರದ್ದೇ ಕಂದು ಅಚ್ಚು, ದೀಪದ ಕಂಬದ ದುಂಡು ಗುರುತಿನ ಸಮೇತ. ಮುರಿದು ನೋಡಿದರೆ ಕಂದು ಬಣ್ಣ ಮೇಲಿನವರೆಗೂ ಏರಿತ್ತು, ಅಂದರೆ ಪಟ್ಟು ಸರಿಯಾಗಿ ಎಳೆದಿದೆ. ಬಣ್ಣ ಬರೀ ಅಡಿಯಲ್ಲೇ ತೆಳ್ಳಗೆ ನಿಂತಿದ್ದರೆ ಪಟ್ಟು ಬೇಗ ಆರಿದೆ ಅಂತ ಅರ್ಥ. ಆಗ ಮುಂದಿನ ಸಲ ದಪ್ಪ ಹೆಚ್ಚಿಸಿ, ಮುಚ್ಚುವ ಹೊತ್ತನ್ನು 48 ಗಂಟೆಗೆ ಏರಿಸಬೇಕು.

ಒಂದು ಸುತ್ತಿಗೆ ಕಪ್ಪು ಹೋಗಿ ಕಂದಾಯಿತು. ಎರಡನೆಯದಕ್ಕೆ ಅಂಚುಗಳು ಕಲ್ಲಿನ ಬಣ್ಣಕ್ಕೆ ಬಂದವು. ಮೂರನೆಯದರಲ್ಲಿ ಪಟ್ಟಿಗೆ ಏನೂ ಬರಲಿಲ್ಲ, ಆದರೂ ನಡುವೆ ಅಂಗೈಯಗಲ ನೆರಳು ಉಳಿದಿತ್ತು. ಅದೇ ಹಳೇ ಕುಸುಬಿ ಎಣ್ಣೆಯ ವಾರ್ನಿಶ್. ನಾಲ್ಕನೇ ಸುತ್ತಿಗೆ ಟರ್ಪೆಂಟೈನ್ ಬಿಟ್ಟು, ಚೀನಿ ಮಣ್ಣನ್ನು ತೆಳುವಾದ ಅಮೋನಿಯಾ ನೀರಿನಲ್ಲಿ ಕಲಸಿ ಹಚ್ಚಿದೆವು. ಕ್ಷಾರಕ್ಕೆ ಗಟ್ಟಿಯಾದ ಎಣ್ಣೆ ಒಂದಿಷ್ಟು ಮೆದುವಾಗುತ್ತದೆ. ವಾಷಿಂಗ್ ಸೋಡಾ ಇನ್ನೂ ಅಗ್ಗ, ಆದರೆ ಅದು ಕಲ್ಲಿನಲ್ಲೇ ಉಳಿದು ಮುಂದೆ ಸವಳಾಗಿ ಏಳುತ್ತದೆ. ಅಮೋನಿಯಾ ಹಾರಿಹೋಗುತ್ತದೆ. ನೆರಳು ತೆಳುವಾಯಿತು, ಮಾಯವಾಗಲಿಲ್ಲ.

ಹೊಸದಾಗಿ ಎಣ್ಣೆ ಚೆಲ್ಲಿದರೆ ಇಷ್ಟೆಲ್ಲ ಬೇಕಿಲ್ಲ. ಒರೆಸಬೇಡಿ, ಒರೆಸಿದರೆ ಹರಡುತ್ತದೆ. ಹತ್ತಿ ಬಟ್ಟೆ ಒತ್ತಿ ತೆಗೆದು, ಒಣ ಮುಲ್ತಾನಿ ಮಿಟ್ಟಿಯನ್ನು ಬೆರಳು ದಪ್ಪ ಸುರಿದು ಒಂದು ರಾತ್ರಿ ಬಿಡಿ. ಜೋಳದ ಹಿಟ್ಟು ಹಾಕುವ ರೂಢಿಯೂ ಇದೆ, ತುರ್ತಿಗೆ ನಡೆಯುತ್ತದೆ. ಆದರೆ ತಾಸೊಳಗೆ ಗುಡಿಸಿಬಿಡಿ, ಇರುವೆ, ಬೂಸಲು ಬರುತ್ತವೆ.

ಇನ್ನು ಫರಸಿಯ ತುಕ್ಕು. ನಾಲ್ಕು ಗುರುತುಗಳಲ್ಲಿ ಒಂದರ ಸುತ್ತ ಹಳದಿ ಹರಡಿ, ಕಲ್ಲು ಒರಟಾಗಿತ್ತು. ಹಿಂದೆ ಯಾರೋ ಕೆಲಸದವರು ಸಂಡಾಸು ತೊಳೆಯುವ ಆಸಿಡ್ ಸುರಿದಿದ್ದರಂತೆ. ಆಸಿಡ್ ತುಕ್ಕನ್ನು ಕರಗಿಸುವುದೇನೋ ನಿಜ. ಕರಗಿದ ಕಬ್ಬಿಣ ಆಸಿಡ್ಡಿನ ಜೊತೆ ಇನ್ನಷ್ಟು ಒಳಗೆ ಹೋಗುತ್ತದೆ, ಅಲ್ಲಿ ಸುಣ್ಣಗಲ್ಲು ಆಸಿಡ್ಡಿನ ಶಕ್ತಿಯನ್ನು ಮುರಿಯುತ್ತದೆ, ಕಬ್ಬಿಣ ಮತ್ತೆ ತುಕ್ಕಾಗಿ ಅಲ್ಲೇ ಕೂರುತ್ತದೆ. ಮೇಲಿದ್ದ ಕಲೆಯನ್ನು ಕೈಯಾರೆ ಆಳಕ್ಕೆ ಕಳಿಸಿ, ಮೇಲಿನ ಪಾಲಿಶನ್ನೂ ಸುಟ್ಟಂತಾಯಿತು. ಸುಣ್ಣಗಲ್ಲಿಗೆ ಆಕ್ಸಾಲಿಕ್ ಆಸಿಡ್ಡೂ ಬೇಡ.

ಇಲ್ಲಿಗೆ ಬೇಕಾದದ್ದು ಹುಳಿಯಿಲ್ಲದೆ ಕಬ್ಬಿಣವನ್ನು ಹಿಡಿದು ತರುವ ವಸ್ತು: ಸೋಡಿಯಂ ಸಿಟ್ರೇಟ್. ಒಂದು ಪಾಲು ಸಿಟ್ರೇಟಿಗೆ ಆರು ಪಾಲು ಬೆಚ್ಚಗಿನ ನೀರು, ಆ ದ್ರಾವಣದಷ್ಟೇ ಗ್ಲಿಸರಿನ್. ನಾವು 20 ಗ್ರಾಂ ಸಿಟ್ರೇಟನ್ನು 120 ಮಿಲಿಲೀಟರ್ ನೀರಲ್ಲಿ ಕರಗಿಸಿ, 140 ಮಿಲಿಲೀಟರ್ ಗ್ಲಿಸರಿನ್ ಬೆರೆಸಿ, ಚೀನಿ ಮಣ್ಣಿನಲ್ಲಿ ಕಲಸಿದೆವು. ಗ್ಲಿಸರಿನ್ ಇರುವುದು ಪಟ್ಟು ಬೇಗ ಆರದಿರಲಿ ಅಂತ. ಸಿಟ್ರೇಟಿನ ಕೆಲಸ ನಿಧಾನ, ಅದಕ್ಕೆ ದಿನಗಳು ಬೇಕು. ಹಚ್ಚುವ ಮೊದಲು ಕಲ್ಲಿಗೆ ಡಿಸ್ಟಿಲ್ಡ್ ನೀರು ಕುಡಿಸಿದೆವು. ನೀರಿನ ಪಟ್ಟಿಗೆ ಕಲ್ಲು ಮೊದಲೇ ತೊಯ್ದಿದ್ದರೆ ದ್ರಾವಣ ಬೇಡದ ಕಡೆಗೆ ಓಡುವುದಿಲ್ಲ. ಮೂರು ದಿನಕ್ಕೊಮ್ಮೆ ಬದಲಿಸುತ್ತಾ ಎರಡು ಸುತ್ತು ಹಾಕಿದ ಮೇಲೆ ಮೂರು ಗುರುತುಗಳು ತಿಳಿ ಚಹಾದ ಬಣ್ಣಕ್ಕೆ ಇಳಿದವು.

ಆಸಿಡ್ ಕುಡಿದ ನಾಲ್ಕನೆಯದು ಜಗ್ಗಲಿಲ್ಲ. ಅದಕ್ಕೆ ಹೈಡ್ರೋಸ್ ಬೇಕಾಯಿತು, ಸೋಡಿಯಂ ಹೈಡ್ರೋಸಲ್ಫೈಟ್. ಬೆಲ್ಲದ ಬಣ್ಣ ತಿಳಿ ಮಾಡಲು ಗಾಣದಲ್ಲಿ ಹಾಕುತ್ತಾರೆ, ನೂಲಿಗೆ ಬಣ್ಣ ಹಾಕುವವರೂ ಬಳಸುತ್ತಾರೆ. ಮುಧೋಳ, ಜಮಖಂಡಿ, ಇಳಕಲ್ ಸೀಮೆಯವರಿಗೆ ಹೆಸರು ಹೇಳಿದರೆ ಸಾಕು. ತುಕ್ಕಿನ ಕಬ್ಬಿಣ ನೀರಿಗೆ ಕರಗದ ರೂಪದಲ್ಲಿರುತ್ತದೆ. ಹೈಡ್ರೋಸ್ ಅದನ್ನು ಕರಗುವ ರೂಪಕ್ಕೆ ತರುತ್ತದೆ, ಸಿಟ್ರೇಟ್ ಅದನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಸಿಟ್ರೇಟ್ ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಕಲೆಯ ಮೇಲೆ ಕಾಲು ತಾಸು ಇಟ್ಟು ತೆಗೆದು, ಹೈಡ್ರೋಸನ್ನು ಉಪ್ಪು ಉದುರಿಸಿದ ಹಾಗೆ ತೆಳ್ಳಗೆ ಉದುರಿಸಿ, ಕೂಡಲೇ ಚೀನಿ ಮಣ್ಣಿನ ಒದ್ದೆ ಪಟ್ಟು ಮುಚ್ಚಿದೆವು. ಗಡಿಯಾರ ನೋಡುತ್ತಾ ಕೂಡುವ ಕೆಲಸವಿದು. ಒಂದು ತಾಸು ಮೀರಬಾರದು, ಮೀರಿದರೆ ಕಪ್ಪು ಕಲೆ ಏಳುವ ಅಪಾಯವಿದೆ. ನಾವು 45 ನಿಮಿಷಕ್ಕೆ ತೆಗೆದು, ನಾಲ್ಕು ಸಲ ನೀರು ಹಾಕಿ ಸ್ಪಂಜಿನಿಂದ ಎತ್ತಿದೆವು. ತೊಳೆಯದೆ ಬಿಟ್ಟರೆ ಉಳಿದ ಕಬ್ಬಿಣ ಗಾಳಿಗೆ ಮತ್ತೆ ತುಕ್ಕಾಗುತ್ತದೆ.

ಹೈಡ್ರೋಸ್ ಆಟದ ವಸ್ತುವಲ್ಲ. ಪೊಟ್ಟಣಕ್ಕೆ ತೇವ ತಗುಲಿದರೆ ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಗಂಧಕದ ಘಾಟು ಬರುತ್ತದೆ, ದಮ್ಮು ಇರುವವರು ಆ ಕೋಣೆಯಲ್ಲಿ ಇರಬಾರದು. ಹುಳಿ ಪದಾರ್ಥದ ಜೊತೆ ಎಂದೂ ಸೇರಿಸಬೇಡಿ. ಬೇಕಾದಷ್ಟು ಮಾತ್ರ ತಂದು, ಒಣ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ, ಒಣ ಚಮಚದಿಂದಲೇ ತೆಗೆಯಿರಿ.

ಇದೇ ಮದ್ದನ್ನು ಜಗುಲಿಗೂ ಹಾಕಬಾರದೇಕೆ ಅಂತ ಗೌಂಡಿ ಕೇಳಿದ. ಹಾಕಲೇಬಾರದು. ಬಾದಾಮಿ, ಗುಳೇದಗುಡ್ಡದ ಮರಳುಗಲ್ಲು ಕೆಂಪಗಿರುವುದೇ ಅದರೊಳಗಿನ ಕಬ್ಬಿಣದಿಂದ. ತುಕ್ಕು ತೆಗೆಯುವ ಮದ್ದು ಕಲೆಯ ಕಬ್ಬಿಣ ಯಾವುದು, ಕಲ್ಲಿನ ಕಬ್ಬಿಣ ಯಾವುದು ಅಂತ ನೋಡುವುದಿಲ್ಲ. ಕೆಂಪು ಕಲ್ಲಿನ ನಡುವೆ ಬಿಳಿಚಿದ ತೇಪೆ ಬೀಳುತ್ತದೆ, ಅದನ್ನು ಸರಿಪಡಿಸುವ ದಾರಿಯಿಲ್ಲ.

ಅಡುಗೆಮನೆಯ ಅರಿಶಿಣ ಸುಲಭದ್ದು, ಆದರೆ ಅದರಲ್ಲೂ ಒಂದು ಹೆದರಿಕೆಯ ಗಳಿಗೆ ಬರುತ್ತದೆ. ಅರಿಶಿಣಕ್ಕೆ ಸುಣ್ಣ ತಾಗಿದರೆ ಕುಂಕುಮದ ಕೆಂಪಾಗುವುದು ಎಲ್ಲರಿಗೂ ಗೊತ್ತು. ಸೋಡಾ, ಸೋಪು, ಅಮೋನಿಯಾ ಎಲ್ಲವೂ ಅದೇ ಗುಣದವು. ಗೊತ್ತಿಲ್ಲದೆ ಸೋಡಾದ ಪಟ್ಟು ಹಾಕಿದವರು ಹಳದಿ ಹೋಗಿ ಕೆಂಪು ಬಂದದ್ದು ಕಂಡು ಗಾಬರಿಯಾಗುತ್ತಾರೆ. ಅರಿಶಿಣದ ಬಣ್ಣ ನೀರಿಗಿಂತ ಸ್ಪಿರಿಟ್ಟಿನಲ್ಲಿ ಚೆನ್ನಾಗಿ ಕರಗುತ್ತದೆ. ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ಟಿನಲ್ಲಿ ಚೀನಿ ಮಣ್ಣು ಕಲಸಿ, ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಇಟ್ಟೆವು, ಒಲೆ ಆರಿಸಿ. ಉಳಿದ ತಿಳಿ ಹಳದಿಗೆ ಹೈಡ್ರೋಜನ್ ಪೆರಾಕ್ಸೈಡ್, 6 ಪ್ರತಿಶತದ್ದು, ಬಾಟಲಿಯ ಮೇಲೆ 20 ವಾಲ್ಯೂಮ್ ಅಂತಲೂ ಬರೆದಿರುತ್ತದೆ. ಅದರಲ್ಲಿ ಕಲಸಿದ ಪಟ್ಟು ಇನ್ನೊಂದು ದಿನ. ಬಿಸಿಲು ಬೀಳುವ ಜಾಗವಾದರೆ ಕೊನೆಯ ಛಾಯೆಯನ್ನು ಬಿಸಿಲೇ ತೆಗೆಯುತ್ತದೆ. ಚಹಾ, ಎಲೆ-ಅಡಿಕೆ, ಹಣ್ಣಿನ ಕಲೆಗೂ ಇದೇ ಪೆರಾಕ್ಸೈಡ್ ಪಟ್ಟು ಸಾಕು. ಗಾಢ ಬಣ್ಣದ ಕಲ್ಲಾದರೆ ಮರೆಯ ಮೂಲೆಯಲ್ಲಿ ಮೊದಲು ಪರೀಕ್ಷಿಸಿ.

ಹಿತ್ತಾಳೆ, ತಾಮ್ರದ ಕೊಡ ಇಟ್ಟ ಹಸಿರು ಉಂಗುರ ಈ ಮನೆಯಲ್ಲಿ ಇರಲಿಲ್ಲ. ಇದ್ದರೆ ಕಲಾಯಿ ಹಾಕುವವರು ಬಳಸುವ ನವಸಾಗರ ಒಂದು ಪಾಲು, ಟಾಲ್ಕ್ ಪುಡಿ ನಾಲ್ಕು ಪಾಲು ಸೇರಿಸಿ ಅಮೋನಿಯಾ ನೀರಿನಲ್ಲಿ ಕಲಸಿ ಹಾಕಬೇಕು.

ಹಿತ್ತಲ ಗೋಡೆಯ ಸವಳಿಗೆ ಪಟ್ಟು ಹಾಕುವ ಮೊದಲು ಒಂದು ಜಗಳವೇ ಆಯಿತು. ಗೋಡೆಯ ಬುಡಕ್ಕೆ ಬಚ್ಚಲ ನೀರು ನಿಲ್ಲುತ್ತಿತ್ತು, ಒಳಗಡೆ ಮೂರಡಿ ಎತ್ತರ ಸಿಮೆಂಟ್ ಗಿಲಾವು ಇತ್ತು. ನೀರು ನಿಲ್ಲಿಸದೆ ಉಪ್ಪು ಎಳೆಯುವುದೆಂದರೆ ತುಂಬುವ ಬಾವಿಯನ್ನು ಬತ್ತಿಸಹೋದಂತೆ. ಸಿಮೆಂಟು ತೇವಕ್ಕೆ ಹೊರದಾರಿ ಬಂದ್ ಮಾಡಿ ಅದನ್ನು ಇನ್ನೂ ಮೇಲಕ್ಕೆ ಏರಿಸುತ್ತದೆ. ಬಚ್ಚಲ ಮೋರಿ ತಿರುಗಿಸಿ, ಸಿಮೆಂಟು ಕೆತ್ತಿಸಿದ ಮೇಲೆಯೇ ಕೆಲಸ ಹಿಡಿದೆವು. ಮೊದಲು ಒಣ ಬ್ರಷ್ಷಿನಿಂದ ಸವಳನ್ನು ಕಾಗದದ ಮೇಲೆ ಉದುರಿಸಿ ಎತ್ತಬೇಕು. ನೀರು ಹಾಕಿ ತೊಳೆದರೆ ಅದೇ ಉಪ್ಪು ಮತ್ತೆ ಒಳಗೆ ಹೋಗುತ್ತದೆ. ಆಮೇಲೆ ಡಿಸ್ಟಿಲ್ಡ್ ನೀರಿನ ಕಾಗದದ ರೊಜ್ಜನ್ನು ಎರಡು ಸೆಂಟಿಮೀಟರ್ ದಪ್ಪ ಮೆತ್ತಿ, ಮುಚ್ಚದೆ, ಪೂರ್ತಿ ಒಣಗುವವರೆಗೆ ಬಿಟ್ಟೆವು. ಒಂದೊಂದು ಸುತ್ತಿಗೆ ವಾರದ ಮೇಲಾಯಿತು. ಬರೀ ಚೀನಿ ಮಣ್ಣು ಹಚ್ಚಿದ್ದರೆ ಕೆರೆಯ ತಳದಂತೆ ಬಿರಿದು ಉದುರುತ್ತಿತ್ತು. ಮಣ್ಣೇ ಬೇಕೆಂದರೆ ಸಮಪಾಲು ತೊಳೆದ ಸಣ್ಣ ಮರಳು ಸೇರಿಸಬೇಕು. ಉಪ್ಪು ಎಷ್ಟು ಬಂತೆಂದು ತಿಳಿಯಲು ಒಣಗಿದ ರೊಜ್ಜು 10 ಗ್ರಾಂ ತೂಗಿ, 100 ಮಿಲಿಲೀಟರ್ ಡಿಸ್ಟಿಲ್ಡ್ ನೀರಲ್ಲಿ ಒಂದು ತಾಸು ನೆನೆಸಿ, ಕುಡಿಯುವ ನೀರಿಗೆ ಬಳಸುವ ಟಿಡಿಎಸ್ ಮೀಟರ್ ಅದ್ದಿ ನೋಡಬೇಕು. ಸುತ್ತಿನಿಂದ ಸುತ್ತಿಗೆ ಅಂಕಿ ಇಳಿಯಬೇಕು. ಇಳಿಯದಿದ್ದರೆ ನೀರು ಇನ್ನೂ ಎಲ್ಲಿಂದಲೋ ಬರುತ್ತಿದೆ.

ಹವೆಯೂ ಲೆಕ್ಕಕ್ಕೆ ಬರುತ್ತದೆ. ಯುಗಾದಿ ದಾಟಿದ ಮೇಲೆ ನಮ್ಮಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಹಗಲಲ್ಲಿ ಹಚ್ಚಿದ ಪಟ್ಟು ಅರ್ಧ ತಾಸಿಗೆ ಹಪ್ಪಳವಾಗುತ್ತದೆ. ಸಂಜೆ ಹಚ್ಚಿ. ಕಲ್ಲು ಬಿಸಿಯಾಗಿದ್ದರೆ ಒದ್ದೆ ಗೋಣಿ ಹಾಸಿ ತಣಿಸಿ, ನೀರಿನ ಪಟ್ಟಾದರೆ ಕೂಡಲೇ ಹಚ್ಚಿ. ಎಣ್ಣೆಯ ಪಟ್ಟಾದರೆ ಗೋಣಿ ಹಾಸದೆ ಬೆಳಗಿನ ಜಾವದ ತಂಪಿಗೆ ಕಾಯಿರಿ. ಮಳೆಗಾಲದಲ್ಲಿ ಪಟ್ಟು ಆರುವುದೇ ಇಲ್ಲ.

ಪಟ್ಟು ತೆಗೆದ ಕೂಡಲೇ ತೀರ್ಪು ಕೊಡಬೇಡಿ. ಒದ್ದೆ ಕಲ್ಲು ಎಲ್ಲ ಕಡೆ ಕಪ್ಪಾಗಿಯೇ ಕಾಣುತ್ತದೆ. ಕಲೆ ಹೋಗಿಲ್ಲವೆಂದು ಅವತ್ತೇ ಮತ್ತೆ ಹಚ್ಚಿದವರು ಬೇಡದ ಸುತ್ತು ಹಾಕಿದಂತೆ, ಹೋಯಿತೆಂದು ಸೀಲರ್ ಬಳಿದವರು ಒಳಗಿನ ತೇವವನ್ನು ಕೂಡಿಹಾಕಿದಂತೆ. ಅಂಗೈಯಗಲ ಪಾಲಿಥಿನ್ನನ್ನು ನಾಲ್ಕೂ ಕಡೆ ಟೇಪು ಹಚ್ಚಿ ಒಂದು ದಿನ ಬಿಟ್ಟು ನೋಡಿ. ಒಳಗಡೆ ಬೆವರು ಕಂಡರೆ ಕಲ್ಲು ಇನ್ನೂ ಒಣಗಿಲ್ಲ.

ಊರ ಗುಡಿಗಳ ಬಗ್ಗೆಯೂ ಹೇಳಲೇಬೇಕು. ಗುಡಿಯ ಹನುಮಪ್ಪನ ಮೈಮೇಲಿನ ಎಣ್ಣೆ ಕಲೆಯಲ್ಲ, ಅದು ಊರಿನವರ ಸೇವೆ, ಅದಕ್ಕೆ ಕೈ ಹಚ್ಚಬೇಡಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರದ ಗೋಳಗುಮ್ಮಟ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ರಕ್ಷಿತ ಸ್ಮಾರಕಗಳು. ಅಲ್ಲಿನ ಕಲ್ಲಿನ ಮೇಲೆ ಯಾರೋ ಗುಟಕಾ ಉಗುಳಿದ್ದು ಕಂಡರೆ ಹೊಟ್ಟೆ ಉರಿಯುತ್ತದೆ ನಿಜ. ಆದರೂ ಒಳ್ಳೇ ಮನಸ್ಸಿನಿಂದ ಕೂಡ ಒಂದು ಹನಿ ಪೆರಾಕ್ಸೈಡ್ ಹಾಕುವಂತಿಲ್ಲ. ಪುರಾತತ್ತ್ವ ಇಲಾಖೆಯ ಸಿಬ್ಬಂದಿಗೆ ತಿಳಿಸಿ, ಆ ಕೆಲಸ ಅವರ ವಿಜ್ಞಾನ ವಿಭಾಗದ್ದು.

ಟರ್ಪೆಂಟೈನ್ ಕುಡಿದ ಮಣ್ಣನ್ನು ಮೋರಿಗೆ ಹಾಕದೆ, ಬಯಲಲ್ಲಿ ಹರಡಿ ಪೂರ್ತಿ ವಾಸನೆ ಹೋಗುವವರೆಗೆ ಆರಿಸಿ, ಕಟ್ಟಿ ಕಸದ ಗಾಡಿಗೆ ಕೊಟ್ಟೆವು. ಟ್ರಂಕಿನ ಕಾಲಡಿಗೆ ಬಿಲ್ಲೆಯಷ್ಟು ರಬ್ಬರ್ ತುಂಡುಗಳು ಬಂದಿವೆ, ದೀಪದಡಿಗೆ ಅಂಚಿರುವ ಹಿತ್ತಾಳೆಯ ತಟ್ಟೆ ಬಂದಿದೆ, ಅದರಡಿಗೆ ಒಂದು ಬಟ್ಟೆ. ಆಸಿಡ್ ತಿಂದ ಫರಸಿಯ ತುಕ್ಕು ಹೋಯಿತು, ಒರಟು ಉಳಿಯಿತು, ಅದು ಪಾಲಿಶ್ ಯಂತ್ರದವನ ಪಾಲಿನದು. ಜಗುಲಿಯ ನಡುವಿನ ನೆರಳು ಬೆಳಗಿನ ಬೆಳಕಿನಲ್ಲಿ ಈಗಲೂ ತುಸು ಕಾಣುತ್ತದೆ. ಐದನೇ ಸುತ್ತನ್ನು ದೀಪಾವಳಿಯ ನಂತರದ ಒಣ ಗಾಳಿಗೆ ಇಟ್ಟುಕೊಂಡಿದ್ದೇವೆ.